ಅಂಗೈಯಗಲದ ರಣರಂಗ: ಸಮರಕ್ರೀಡೆಗಾಗಿ ಟ್ಯಾಂಕ್ ಮಾದರಿಗಳ ರೂಪಾಂತರ

1944ರ ಬೇಸಿಗೆಯಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ಟ್ಯಾಂಕ್ ಸಿಬ್ಬಂದಿಯಲ್ಲಿ ಕೆಲವರು ತಮ್ಮ ಫಿರಂಗಿಯ ನಳಿಕೆಗೆ ವಿಚಿತ್ರ ರೀತಿಯಲ್ಲಿ ಬಣ್ಣ ಬಳಿದುಕೊಂಡಿದ್ದರು. ನಳಿಕೆಯ ಮುಂಭಾಗದ ಕೆಳಮೈಗೆ ಬಿಳಿ ಅಥವಾ ತಿಳಿಬಣ್ಣ, ಮೇಲ್ಮೈಗೆ ಕಡುಹಸಿರು, ಎರಡರ ನಡುವೆ ಅಲೆಯಂತಹ ಅಂಚು. ದೂರದಿಂದ ದುರ್ಬೀನಿನಲ್ಲಿ ನೋಡುವ ಜರ್ಮನ್ ಗುರಿಕಾರನಿಗೆ ಉದ್ದನೆಯ ನಳಿಕೆ ಮೋಟಾಗಿ ಕಾಣಬೇಕು ಎಂಬುದಷ್ಟೇ ಉದ್ದೇಶ. ಏಕೆಂದರೆ ಉದ್ದ ನಳಿಕೆಯ ಶೆರ್ಮನ್ ಟ್ಯಾಂಕ್ ಎಂದರೆ ‘ಫೈರ್‌ಫ್ಲೈ’. ಶತ್ರುವಿನ ಭಾರಿ ಟ್ಯಾಂಕುಗಳನ್ನು ಭೇದಿಸಬಲ್ಲ ಆ ವಾಹನವೇ ಮೊದಲ ಗುಂಡಿಗೆ ಗುರಿಯಾಗುತ್ತಿತ್ತು.

ಅದೇ ಟ್ಯಾಂಕನ್ನು 76 ಪಟ್ಟು ಕುಗ್ಗಿಸಿ ಮೇಜಿನ ಮೇಲಿಟ್ಟರೆ, ಸಾಧಾರಣ ಶೆರ್ಮನ್‌ಗೂ ಫೈರ್‌ಫ್ಲೈಗೂ ಫಿರಂಗಿಯ ಉದ್ದದಲ್ಲಿ ಇರುವ ಅಂತರ ಸುಮಾರು ಒಂದೂವರೆ ಸೆಂಟಿಮೀಟರ್ ಮಾತ್ರ. ಈ ಒಂದೂವರೆ ಸೆಂಟಿಮೀಟರನ್ನು ಸರಿಯಾಗಿ ತೋರಿಸುವುದಕ್ಕಾಗಿ ವಾರಾಂತ್ಯಗಳನ್ನು ಕಳೆಯುವ ಹವ್ಯಾಸಿಗರು ಜಗತ್ತಿನ ಅನೇಕ ದೇಶಗಳಲ್ಲಿದ್ದಾರೆ. ಅಂಗಡಿಯಲ್ಲಿ ದೊರೆಯುವ ಪುಟ್ಟ ಸೇನಾವಾಹನದ ಮಾದರಿಯನ್ನು ಕೊಯ್ದು, ಜೋಡಿಸಿ, ಬೇರೊಂದು ನೈಜ ವಾಹನವನ್ನಾಗಿ ಮಾರ್ಪಡಿಸುವುದಕ್ಕೆ ಅವರ ಪರಿಭಾಷೆಯಲ್ಲಿ ‘ಕನ್ವರ್ಷನ್’ ಎಂದು ಹೆಸರು. ಇರುವ ಮಾದರಿಗೆ ಕಾಣೆಯಾದ ಸೂಕ್ಷ್ಮಗಳನ್ನು ಸೇರಿಸುವುದು ‘ಡೀಟೇಲಿಂಗ್’. ಇವೆರಡರ ಹಿನ್ನೆಲೆ, ವಿಧಾನ ಹಾಗೂ ಭಾರತದ ಯುದ್ಧಗಳೊಂದಿಗೆ ಇವುಗಳಿಗಿರುವ ಸಂಬಂಧದ ಪರಿಚಯ ಇಲ್ಲಿದೆ.

ಹಿನ್ನೆಲೆ

ಚತುರಂಗದ ನಾಡಿನವರಿಗೆ ಸೇನೆಯನ್ನು ಹಲಗೆಯ ಮೇಲೆ ನಡೆಸುವ ಕಲ್ಪನೆ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳುಗಳ ಆ ಆಟಕ್ಕೂ ಇಂದಿನ ಸಮರಕ್ರೀಡೆಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ನೆಲ. ಚತುರಂಗದಲ್ಲಿ ಎಲ್ಲ ಚೌಕಗಳೂ ಸಮ. ಸಮರಕ್ರೀಡೆಯಲ್ಲಿ ಗುಡ್ಡ, ಹೊಳೆ, ಕಾಡು, ಊರುಗಳಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಶ್ಯಾದ ರೈಸ್‌ವಿಟ್ಸ್ ಎಂಬ ತಂದೆ–ಮಗ ಇಂತಹ ಆಟವೊಂದನ್ನು ರೂಪಿಸಿದರು. ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಪರಿಷ್ಕರಿಸಿದ ‘ಕ್ರೀಗ್ಸ್‌ಷ್ಪೀಲ್’ ಅಲ್ಲಿನ ಸೇನೆಯ ತರಬೇತಿಯ ಭಾಗವಾಯಿತು.

ಮನೆಯ ಅಂಗಳಕ್ಕೆ ಈ ಆಟವನ್ನು ತಂದವರು ಇಂಗ್ಲೆಂಡಿನ ಕಾದಂಬರಿಕಾರ ಎಚ್.ಜಿ. ವೆಲ್ಸ್. ಅವರ ‘ಲಿಟಲ್ ವಾರ್ಸ್’ ಪುಸ್ತಕ 1913ರಲ್ಲಿ ಪ್ರಕಟವಾಯಿತು. ಆಟಿಕೆ ಸಿಪಾಯಿಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿ, ಸ್ಪ್ರಿಂಗ್ ಅಳವಡಿಸಿದ ಆಟಿಕೆ ಫಿರಂಗಿಯಿಂದ ಹೊಡೆದು ಬೀಳಿಸುವ ಕ್ರಮ ಅದರಲ್ಲಿದೆ. ಯುದ್ಧವನ್ನು ಆಟವಾಗಿ ಆಡಿದವನಿಗೆ ನಿಜವಾದ ಯುದ್ಧದ ಮೂರ್ಖತನ ಬೇಗ ಅರ್ಥವಾಗುತ್ತದೆ ಎಂಬುದು ವೆಲ್ಸ್ ಅವರ ವಾದವಾಗಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು.

ಈ ಹವ್ಯಾಸ ವ್ಯಾಪಕವಾಗಿ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ. ಬ್ರಿಟನ್ನಿನ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ 1962ರಲ್ಲಿ ಹೊರಬಂತು. ಅದೇ ದಶಕದ ಆರಂಭದಲ್ಲಿ ಏರ್‌ಫಿಕ್ಸ್ ಸಂಸ್ಥೆ ಶೆರ್ಮನ್, ಪ್ಯಾಂಥರ್ ಮೊದಲಾದ ಟ್ಯಾಂಕುಗಳ ಅಗ್ಗದ ಪ್ಲಾಸ್ಟಿಕ್ ಜೋಡಣಾ ಪೊಟ್ಟಣಗಳನ್ನು ಮಾರುಕಟ್ಟೆಗೆ ತಂದಿತು. ಜೇಬಿನ ಹಣದಲ್ಲಿ ಟ್ಯಾಂಕ್ ದಳವೊಂದನ್ನು ಕಟ್ಟುವುದು ಶಾಲಾ ಬಾಲಕರಿಗೂ ಸಾಧ್ಯವಾಯಿತು. ಆದರೆ ಪೊಟ್ಟಣಗಳಲ್ಲಿ ದೊರೆಯುತ್ತಿದ್ದ ವಾಹನಗಳು ಬೆರಳೆಣಿಕೆಯಷ್ಟು. ಯುದ್ಧದಲ್ಲಿ ಬಳಕೆಯಾದ ರೂಪಗಳು ನೂರಾರು. ಈ ಕೊರತೆಯೇ ರೂಪಾಂತರ ಕಲೆಯ ತಾಯಿ.

ಅಳತೆಯ ಲೆಕ್ಕ

ಮಾದರಿಯ ಪ್ರಮಾಣವನ್ನು ಭಿನ್ನರಾಶಿಯಲ್ಲಿ ಹೇಳುವುದು ರೂಢಿ. 1/72 ಎಂದರೆ ನೈಜ ವಸ್ತುವಿನ 72ರಲ್ಲಿ ಒಂದು ಪಾಲು; ಅಂದರೆ ಒಂದು ಅಂಗುಲಕ್ಕೆ ಆರು ಅಡಿ. 1/76 ಬಂದದ್ದು ಬ್ರಿಟನ್ನಿನ ಆಟಿಕೆ ರೈಲುಗಳ ಅಳತೆಯಿಂದ; ಅಲ್ಲಿ ಒಂದು ಅಡಿಗೆ ನಾಲ್ಕು ಮಿಲಿಮೀಟರ್. ಸಿಪಾಯಿ ಬೊಂಬೆಗಳನ್ನಾದರೆ ಎತ್ತರದ ಮೇಲೆ 6, 15, 20, 28 ಮಿ.ಮೀ. ಎಂದು ಗುರುತಿಸುತ್ತಾರೆ. ಶೆರ್ಮನ್ ಟ್ಯಾಂಕಿನ ಒಡಲಿನ ಉದ್ದವನ್ನು ಸುಮಾರು 5.9 ಮೀಟರ್ ಎಂದು ಹಿಡಿದರೆ ವಿವಿಧ ಪ್ರಮಾಣಗಳಲ್ಲಿ ಮಾದರಿಯ ಉದ್ದ ಹೀಗಿರುತ್ತದೆ:

* 1/285 ಮತ್ತು 1/300 (6 ಮಿ.ಮೀ. ಬೊಂಬೆಗಳೊಂದಿಗೆ): ಸುಮಾರು 2 ಸೆಂ.ಮೀ.
* 1/100 (15 ಮಿ.ಮೀ.): ಸುಮಾರು 5.9 ಸೆಂ.ಮೀ.
* 1/76 ಮತ್ತು 1/72 (20 ಮಿ.ಮೀ.): 7.8ರಿಂದ 8.2 ಸೆಂ.ಮೀ.
* 1/56 (28 ಮಿ.ಮೀ.): ಸುಮಾರು 10.5 ಸೆಂ.ಮೀ.

ನ್ಯೂಜಿಲೆಂಡಿನಲ್ಲಿ 2002ರಲ್ಲಿ ಆರಂಭವಾದ ‘ಫ್ಲೇಮ್ಸ್ ಆಫ್ ವಾರ್’ 15 ಮಿ.ಮೀ. ಅಳತೆಯನ್ನೂ, ಬ್ರಿಟನ್ನಿನಲ್ಲಿ 2012ರಲ್ಲಿ ಪ್ರಕಟವಾದ ‘ಬೋಲ್ಟ್ ಆ್ಯಕ್ಷನ್’ 28 ಮಿ.ಮೀ. ಅಳತೆಯನ್ನೂ ಜನಪ್ರಿಯಗೊಳಿಸಿದವು. ಇಡೀ ಸೇನಾವಿಭಾಗಗಳ ಚಲನವಲನ ಬೇಕೆನ್ನುವವರಿಗೆ 6 ಮಿ.ಮೀ. ಅನುಕೂಲ. ರೂಪಾಂತರದ ಮಟ್ಟಿಗೆ ಹೇಳುವುದಾದರೆ 1/76 ಮತ್ತು 1/72 ಇಂದಿಗೂ ಹದವಾದ ಅಳತೆಗಳು. ಕೈಯಲ್ಲಿ ಹಿಡಿದು ಕೊಯ್ಯುವಷ್ಟು ದೊಡ್ಡವು, ಮೇಜಿನ ಮೇಲೆ ಹತ್ತಾರು ಕೂರುವಷ್ಟು ಚಿಕ್ಕವು.

ಪ್ರದರ್ಶನದ ಮಾದರಿಯೇ ಬೇರೆ, ಆಟದ ಮಾದರಿಯೇ ಬೇರೆ

ಗಾಜಿನ ಕಪಾಟಿನಲ್ಲಿಡುವ ಮಾದರಿಯನ್ನು ಯಾರೂ ಮುಟ್ಟುವುದಿಲ್ಲ. ನೋಡುವವರು ಹತ್ತಿರ ಬಾಗಿ ನೋಡುತ್ತಾರೆ. ಸಮರಕ್ರೀಡೆಯ ಮಾದರಿಗೆ ಈ ಎರಡೂ ಅನುಕೂಲಗಳಿಲ್ಲ. ಒಂದು ಸಂಜೆಯ ಆಟದಲ್ಲಿ ಅದನ್ನು ಹತ್ತಾರು ಬಾರಿ ಎತ್ತಿ ಇಳಿಸಲಾಗುತ್ತದೆ. ಆಟಗಾರ ಅದನ್ನು ನೋಡುವುದು ಒಂದು ಮೀಟರ್ ದೂರದಿಂದ, ಅದೂ ಮೇಲಿನಿಂದ. ಆದ್ದರಿಂದ ಇಲ್ಲಿ ಮೂರು ನಿಯಮಗಳು ಚಾಲ್ತಿಯಲ್ಲಿವೆ.

ಮೊದಲನೆಯದು ಗುರುತು. ಎದುರಾಳಿಯು ಕೇಳದೆಯೇ ಇದು ಯಾವ ಟ್ಯಾಂಕು ಎಂದು ತಿಳಿಯಬೇಕು. ಆಟದ ನಿಯಮಗಳಲ್ಲಿ ಪ್ರತಿಯೊಂದು ಫಿರಂಗಿಗೂ ಬೇರೆ ಬೇರೆ ಬಲವಿರುವುದರಿಂದ ತಪ್ಪು ನಳಿಕೆಯ ಟ್ಯಾಂಕು ತಕರಾರಿಗೆ ಮೂಲವಾಗುತ್ತದೆ. ಎರಡನೆಯದು ಬಾಳಿಕೆ. ಕೂದಲೆಳೆಯಂತಹ ಹಿಡಿಕೆಗಳು ಮೊದಲ ಆಟದಲ್ಲೇ ಮುರಿದುಬೀಳುತ್ತವೆ. ಮೂರನೆಯದು ಮೇಲ್ಮೈಯ ಆದ್ಯತೆ. ಮುಚ್ಚಳಗಳು, ಇಂಜಿನ್ ಮೇಲಿನ ಜಾಲರಿ, ಗೋಪುರದ ಹಿಂಬದಿಯ ಸಾಮಾನು ಎದ್ದು ಕಾಣುತ್ತವೆ. ಚಕ್ರಗಳ ಹಿಂದಿನ ಮೊಳೆಗಳನ್ನು ಯಾರೂ ನೋಡುವುದಿಲ್ಲ.

ಸಲಕರಣೆ ಮತ್ತು ಸಾಮಗ್ರಿ

ದುಬಾರಿ ಉಪಕರಣಗಳ ಅಗತ್ಯವಿಲ್ಲ. ಬದಲಾಯಿಸಬಹುದಾದ ಅಲಗಿನ ಚೂರಿ, ಸಣ್ಣ ಹಲ್ಲಿನ ಗರಗಸ, ಚಿಕ್ಕ ಅರಗಳು, ನುಣುಪಾದ ಉಪ್ಪುಕಾಗದ, ಚಿಮಟ, ಕೈಯಲ್ಲೇ ತಿರುಗಿಸುವ ಸಣ್ಣ ಬೈರಿಗೆ ಹಾಗೂ ಉಕ್ಕಿನ ಅಳತೆಪಟ್ಟಿ ಇದ್ದರೆ ಕೆಲಸ ಆರಂಭಿಸಬಹುದು.

ಅಂಟಿನ ಆಯ್ಕೆಯಲ್ಲಿ ಎಚ್ಚರ ಬೇಕು. ಜೋಡಣಾ ಪೊಟ್ಟಣಗಳ ಗಡಸು ಪ್ಲಾಸ್ಟಿಕ್ ಎಂದರೆ ಪಾಲಿಸ್ಟೈರೀನ್. ಇದಕ್ಕೆ ಬಳಸುವ ದ್ರಾವಕ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ರಾಳದಲ್ಲಿ ಎರಕ ಹೊಯ್ದ ಭಾಗಗಳಿಗೂ ಲೋಹಕ್ಕೂ ಅದು ಹಿಡಿಯುವುದಿಲ್ಲ. ಅಲ್ಲಿ ಫೆವಿಕ್ವಿಕ್‌ನಂತಹ ಕ್ಷಣಾರ್ಧದಲ್ಲಿ ಒಣಗುವ ಅಂಟು ಅಥವಾ ಎರಡು ಭಾಗಗಳ ಎಪಾಕ್ಸಿ ಬೇಕು. ಹಳೆಯ ಆಟಿಕೆ ಸಿಪಾಯಿಗಳ ಬಾಗುವ ಮೆದು ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟುಗಳು ಯಾವುವೂ ಸರಿಯಾಗಿ ಅಂಟುವುದಿಲ್ಲ. ಅಂತಹ ಕಡೆ ತೆಳು ತಂತಿಯ ತುಂಡನ್ನು ಮೊಳೆಯಂತೆ ಒಳಗೆ ತೂರಿಸಿ ಜೋಡಿಸುತ್ತಾರೆ.

ಹೊಸ ಭಾಗಗಳಿಗೆ ಅರ್ಧ ಮಿ.ಮೀ. ಮತ್ತು ಒಂದು ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಮುಖ್ಯ ಸಾಮಗ್ರಿ. ಉಳಿದದ್ದೆಲ್ಲ ಮನೆಯ ಕಸದ ಬುಟ್ಟಿಯಲ್ಲೇ ದೊರೆಯುತ್ತದೆ. ಬಾಲ್‌ಪೆನ್ನಿನ ಖಾಲಿ ರೀಫಿಲ್, ಹೊಲಿಗೆ ಸೂಜಿ, ಗುಂಡುಸೂಜಿಯ ತಲೆ, ಚಹಾ ಸೋಸುವ ಜಾಲರಿ, ಹಳೆಯ ವಿದ್ಯುತ್ ತಂತಿಯ ತಾಮ್ರದ ಎಳೆ, ಟೂತ್‌ಬ್ರಶ್ಶಿನ ಎಳೆ ಮುಂತಾದವು ಫಿರಂಗಿ, ಮೊಳೆ, ಜಾಲರಿ, ಹಗ್ಗ, ಆಂಟೆನಾಗಳಾಗಿ ಮರುಹುಟ್ಟು ಪಡೆಯುತ್ತವೆ. ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು, ಮೆದುವಾದಾಗ ನಿಧಾನವಾಗಿ ಎಳೆದರೆ ದಾರದಂತಹ ಎಳೆ ಸಿದ್ಧವಾಗುತ್ತದೆ.

ಶೆರ್ಮನ್‌ನಿಂದ ಫೈರ್‌ಫ್ಲೈ

ರೂಪಾಂತರದ ಪಾಠಕ್ಕೆ ಅನೇಕರು ಆರಿಸಿಕೊಳ್ಳುವ ಉದಾಹರಣೆ ಫೈರ್‌ಫ್ಲೈ. ಕಾರಣ ಸರಳ: ಆ ಟ್ಯಾಂಕು ನಿಜಜೀವನದಲ್ಲೂ ಒಂದು ರೂಪಾಂತರವೇ. ಅಮೆರಿಕದ ಶೆರ್ಮನ್‌ನಲ್ಲಿದ್ದ 75 ಮಿ.ಮೀ. ಫಿರಂಗಿ ಜರ್ಮನಿಯ ಟೈಗರ್ ಮತ್ತು ಪ್ಯಾಂಥರ್ ಟ್ಯಾಂಕುಗಳ ಮುಂಗವಚದ ಎದುರು ಸಾಲುತ್ತಿರಲಿಲ್ಲ. ಬ್ರಿಟನ್ನಿನ ಬಳಿ 17 ಪೌಂಡರ್ ಎಂಬ ಬಲಿಷ್ಠ ಫಿರಂಗಿ ಇತ್ತು, ಅದನ್ನು ಹೊರಬಲ್ಲ ಟ್ಯಾಂಕು ಸಾಕಷ್ಟಿರಲಿಲ್ಲ. ಎರಡನ್ನೂ ಕೂಡಿಸಿದಾಗ ಹುಟ್ಟಿದ್ದೇ ಫೈರ್‌ಫ್ಲೈ. ಎರಡು ಸಾವಿರಕ್ಕೂ ಹೆಚ್ಚು ಶೆರ್ಮನ್‌ಗಳನ್ನು ಹೀಗೆ ಮಾರ್ಪಡಿಸಲಾಯಿತು. ನಾರ್ಮಂಡಿಯಲ್ಲಿ ಸಾಮಾನ್ಯವಾಗಿ ನಾಲ್ಕು ಟ್ಯಾಂಕುಗಳ ತಂಡಕ್ಕೆ ಒಂದು ಫೈರ್‌ಫ್ಲೈ ಇರುತ್ತಿತ್ತು. ಆದ್ದರಿಂದ ಮೂರು ಶೆರ್ಮನ್ ಕಟ್ಟಿದ ಆಟಗಾರನಿಗೆ ನಾಲ್ಕನೆಯದು ಫೈರ್‌ಫ್ಲೈ ಆಗಲೇಬೇಕು.

ಕೆಲಸ ಆರಂಭಿಸುವ ಮುನ್ನ ಯಾವ ಶೆರ್ಮನ್ ಎಂಬುದನ್ನು ನಿರ್ಧರಿಸಬೇಕು. ಬಹುಪಾಲು ಫೈರ್‌ಫ್ಲೈಗಳಿಗೆ ಆಧಾರವಾದದ್ದು ಎಂ4ಎ4 ಮಾದರಿ. ಐದು ಕಾರು ಇಂಜಿನುಗಳನ್ನು ಒಂದಾಗಿ ಕೂಡಿಸಿದಂತಿದ್ದ ಕ್ರೈಸ್ಲರ್ ಸಂಸ್ಥೆಯ ದೊಡ್ಡ ಇಂಜಿನ್ನಿಗಾಗಿ ಅದರ ಒಡಲನ್ನು ಸುಮಾರು 28 ಸೆಂ.ಮೀ. ಉದ್ದ ಮಾಡಲಾಗಿತ್ತು. ಇದರಿಂದಾಗಿ ಪ್ರತಿ ಬದಿಯ ಮೂರು ಜೋಡಿ ಚಕ್ರಗಳ ನಡುವೆ ಹೆಚ್ಚಿನ ಅಂತರ ಕಾಣುತ್ತದೆ. ಸರಪಳಿಯ ಕೊಂಡಿಗಳು ಒಂದು ಬದಿಗೆ 79ರ ಬದಲು 83 ಇರುತ್ತವೆ. 1/76ರಲ್ಲಿ 28 ಸೆಂ.ಮೀ. ಎಂದರೆ ನಾಲ್ಕು ಮಿ.ಮೀ.ಗೆ ತುಸು ಕಡಿಮೆ. ಪೊಟ್ಟಣದಲ್ಲಿರುವುದು ಗಿಡ್ಡ ಒಡಲಾದರೆ ಕೆಳಭಾಗವನ್ನು ಚಕ್ರಜೋಡಿಗಳ ನಡುವೆ ಎರಡು ಕಡೆ ಕೊಯ್ದು, ಎರಡೂ ಕಡೆ ಎರಡೆರಡು ಮಿ.ಮೀ. ಪ್ಲಾಸ್ಟಿಕ್ ಪಟ್ಟಿ ತುಂಬಬೇಕು. ಮೇಲ್ಭಾಗವನ್ನು ಗೋಪುರದ ಹಿಂದೆ ಒಂದೇ ಕಡೆ ಕೊಯ್ದರೆ ಸಾಕು. ಇಷ್ಟು ತೊಂದರೆ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ಗಿಡ್ಡ ಒಡಲಿನ ಎಂ4 ಮಾದರಿಯಿಂದಲೂ ಫೈರ್‌ಫ್ಲೈಗಳು ತಯಾರಾಗಿದ್ದವು. ಮೊದಲನೆಯದನ್ನು ಬ್ರಿಟಿಷ್ ಸೇನೆ ‘5ಸಿ’ ಎಂದೂ ಎರಡನೆಯದನ್ನು ‘1ಸಿ’ ಎಂದೂ ರೋಮನ್ ಅಂಕಿಗಳಲ್ಲಿ ಗುರುತಿಸುತ್ತಿತ್ತು. ಕೊನೆಯ ಅಕ್ಷರ 17 ಪೌಂಡರ್ ಫಿರಂಗಿಯ ಸಂಕೇತ.

ನಳಿಕೆ: 17 ಪೌಂಡರ್ ಫಿರಂಗಿಯ ಉದ್ದ ಅದರ ರಂಧ್ರದ ವ್ಯಾಸದ 55 ಪಟ್ಟು, ಅಂದರೆ ಸುಮಾರು 4.2 ಮೀಟರ್. ಹಳೆಯ 75 ಮಿ.ಮೀ. ಫಿರಂಗಿ ಸುಮಾರು 3 ಮೀಟರ್. ಪೊಟ್ಟಣದ ಮೋಟು ನಳಿಕೆಯನ್ನು ಬುಡದಲ್ಲಿ ಕತ್ತರಿಸಿ, ಅಲ್ಲಿ ಬೈರಿಗೆಯಿಂದ ರಂಧ್ರ ಕೊರೆದು, ಹಿತ್ತಾಳೆಯ ತೆಳು ಕೊಳವೆಯನ್ನು ಆಳವಾಗಿ ಕೂರಿಸಬೇಕು. ಪ್ಲಾಸ್ಟಿಕ್ ನಳಿಕೆ ಒಂದೆರಡು ಆಟಗಳಲ್ಲಿ ಬಾಗುತ್ತದೆ, ಲೋಹದ್ದು ಬಾಳುತ್ತದೆ. ಈ ಫಿರಂಗಿಯ ರಂಧ್ರದ ವ್ಯಾಸ 76.2 ಮಿ.ಮೀ. ಆದ್ದರಿಂದ 1/76ರಲ್ಲಿ ಅದು ಕರಾರುವಾಕ್ಕಾಗಿ ಒಂದು ಮಿಲಿಮೀಟರ್. ತುದಿಯಲ್ಲಿ ಉಬ್ಬಿದ ತಡೆ ಇದೆ. ಸಣ್ಣ ಮಣಿಯನ್ನು ಪೋಣಿಸಿ, ಬದಿಗಳಲ್ಲಿ ಕೊರೆದರೆ ಅದರ ಹೋಲಿಕೆ ಬರುತ್ತದೆ.

ಗೋಪುರದ ಹಿಂಬದಿ: ದೊಡ್ಡ ಫಿರಂಗಿ ಒಳಗೆ ಹಿಂದಕ್ಕೆ ಜಿಗಿಯಲು ಜಾಗ ಬೇಕಿತ್ತು. ಹಾಗಾಗಿ ರೇಡಿಯೊ ಯಂತ್ರವನ್ನು ಗೋಪುರದ ಹಿಂದೆ ಬೆಸೆದ ಉಕ್ಕಿನ ಪೆಟ್ಟಿಗೆಗೆ ಸ್ಥಳಾಂತರಿಸಲಾಯಿತು. ಅರ್ಧ ಮಿ.ಮೀ. ಹಾಳೆಯಿಂದ ಪೆಟ್ಟಿಗೆ ಕಟ್ಟಿ, ಗೋಪುರದ ವಕ್ರಕ್ಕೆ ತಕ್ಕಂತೆ ಉಜ್ಜಿ ಅಂಟಿಸಿ, ಸಂದುಗಳಿಗೆ ಪುಟ್ಟಿ ತುಂಬಬೇಕು. ಮೇಲಿನಿಂದ ನೋಡುವ ಆಟಗಾರನಿಗೆ ನಳಿಕೆಯ ನಂತರ ಮೊದಲು ಕಾಣುವ ಗುರುತು ಇದೇ.

ಹೊಸ ಮುಚ್ಚಳ: ಫಿರಂಗಿಯ ಹಿಂಭಾಗ ಗೋಪುರವನ್ನು ಅಡ್ಡಲಾಗಿ ತುಂಬಿಬಿಟ್ಟಿದ್ದರಿಂದ ಎಡಬದಿಯಲ್ಲಿದ್ದ ಗುಂಡು ತುಂಬುವವನಿಗೆ ಬೆಂಕಿ ಬಿದ್ದಾಗ ಹೊರಬರುವ ದಾರಿ ಇರಲಿಲ್ಲ. ಅದಕ್ಕಾಗಿ ಅವನ ತಲೆಯ ಮೇಲೆ ಹೊಸ ಮುಚ್ಚಳವನ್ನು ಕೊಯ್ದು ಕೂರಿಸಿದರು. ಮಾದರಿಯಲ್ಲಿ ಇದು ಚಿಕ್ಕದೊಂದು ಆಯತಾಕಾರದ ಪ್ಲಾಸ್ಟಿಕ್ ತುಂಡು. ಅದರ ಹಿಂದಿನ ಕಾರಣ ತಿಳಿದವರು ಅದನ್ನು ಮರೆಯುವುದಿಲ್ಲ.

ಮುಂಬದಿಯ ಮೆಷಿನ್‌ಗನ್: ಉದ್ದನೆಯ ಗುಂಡುಗಳನ್ನು ಇಡಲು ಸ್ಥಳ ಬೇಕಾದ್ದರಿಂದ ಒಡಲಿನ ಮುಂಭಾಗದಲ್ಲಿ ಕೂರುತ್ತಿದ್ದ ಐದನೆಯ ಸಿಪಾಯಿಯನ್ನು ಕೈಬಿಟ್ಟು, ಅವನ ಮೆಷಿನ್‌ಗನ್ ತೂತನ್ನು ಉಕ್ಕಿನಿಂದ ಮುಚ್ಚಿದರು. ಪೊಟ್ಟಣದಲ್ಲಿರುವ ಮೆಷಿನ್‌ಗನ್ನನ್ನು ಕತ್ತರಿಸಿ, ಪುಟ್ಟಿಯ ಗುಬುಟನ್ನು ಕೂರಿಸಿದರೆ ರೂಪಾಂತರ ಪೂರ್ಣ.

ಸೂಕ್ಷ್ಮ ವಿವರಗಳು

ರಣರಂಗದ ಟ್ಯಾಂಕು ಕಾರ್ಖಾನೆಯಿಂದ ಆಗತಾನೆ ಬಂದಂತೆ ಇರುವುದಿಲ್ಲ. ಅದು ಐದು ಮಂದಿಯ ಮನೆಯೂ ಹೌದು. ಹಾಸಿಗೆಯ ಸುರುಳಿ, ಟಾರ್ಪಾಲು, ನೀರಿನ ಡಬ್ಬ, ಬಕೆಟ್ಟು, ಎಳೆಯುವ ಉಕ್ಕಿನ ಹಗ್ಗ ಎಲ್ಲವೂ ಹೊರಗೇ ನೇತಾಡುತ್ತಿರುತ್ತವೆ. ತೆಳು ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಸುತ್ತಿದರೆ ಟಾರ್ಪಾಲಿನ ಮಡಿಕೆಗಳು ಸಹಜವಾಗಿ ಬರುತ್ತವೆ. ಎಪಾಕ್ಸಿ ಪುಟ್ಟಿಯನ್ನು ಚಪ್ಪಟೆಯಾಗಿ ಲಟ್ಟಿಸಿ ಸುತ್ತಿದರೆ ಕಂಬಳಿ. ತಾಮ್ರದ ಎರಡು ಎಳೆಗಳನ್ನು ಹೊಸೆದರೆ ಉಕ್ಕಿನ ಹಗ್ಗ.

ಹೆಚ್ಚುವರಿ ರಕ್ಷಣೆಗಾಗಿ ಸಿಪಾಯಿಗಳು ಬಿಡಿ ಸರಪಳಿ ಕೊಂಡಿಗಳನ್ನು ಒಡಲಿನ ಮುಂದೆ ಬೆಸೆದುಕೊಳ್ಳುತ್ತಿದ್ದರು. ಹಳೆಯ ಪೊಟ್ಟಣಗಳಲ್ಲಿ ಉಳಿದ ತುಂಡುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅನುಭವಿ ಹವ್ಯಾಸಿಗರು ಏನನ್ನೂ ಎಸೆಯುವುದಿಲ್ಲ. ಬಿಡಿಭಾಗಗಳ ಡಬ್ಬಿಯೇ ಅವರ ಆಸ್ತಿ. ಆದರೂ ಮಿತಿ ಬೇಕು. ಸಾಮಾನು ಅತಿಯಾದರೆ ಗೋಪುರ ತಿರುಗುವುದಿಲ್ಲ; ಇಂಜಿನ್ನಿನ ಜಾಲರಿಯ ಮೇಲೆ ಕಂಬಳಿ ಹಾಸುವುದನ್ನು ಯಾವ ಚಾಲಕನೂ ಒಪ್ಪುವುದಿಲ್ಲ. ಒಡಲಿನೊಳಗೆ ಒಂದೆರಡು ನಾಣ್ಯಗಳನ್ನು ಅಂಟಿಸಿದರೆ ಮಾದರಿಗೆ ತೂಕ ಬಂದು ಮೇಜಿನ ಮೇಲೆ ಜಾರುವುದಿಲ್ಲ. ಗೋಪುರದ ಬುಡದಲ್ಲಿ ಪುಟ್ಟ ಅಯಸ್ಕಾಂತವಿಟ್ಟರೆ ಅದು ಸಲೀಸಾಗಿ ತಿರುಗುತ್ತದೆ, ಎತ್ತಿದಾಗ ಕಳಚಿ ಬೀಳುವುದೂ ಇಲ್ಲ.

ಬಣ್ಣ, ಧೂಳು, ಕೆಸರು

ಮಾದರಿಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ನಂತರ ಪ್ರೈಮರ್ ಹಚ್ಚಬೇಕು. ಪ್ಲಾಸ್ಟಿಕ್, ಹಿತ್ತಾಳೆ, ಪುಟ್ಟಿಗಳ ಬೇರೆ ಬೇರೆ ಬಣ್ಣ ಒಂದಾಗುವುದು ಆಗಲೇ. ಸಂದುಗಳಲ್ಲಿ ಉಳಿದ ತಪ್ಪುಗಳು ಕಾಣುವುದೂ ಆಗಲೇ. ನೈಜ ಟ್ಯಾಂಕಿನ ಬಣ್ಣವನ್ನೇ ಚಿಕ್ಕ ಮಾದರಿಗೆ ಬಳಿದರೆ ಅದು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಮೂಲಬಣ್ಣಕ್ಕೆ ಸ್ವಲ್ಪ ತಿಳಿಬಣ್ಣ ಬೆರೆಸುವುದು ವಾಡಿಕೆ. ಮಾದರಿ ಚಿಕ್ಕದಾದಷ್ಟೂ ಬಣ್ಣ ತಿಳಿ.

ಮೂಲಬಣ್ಣ ಒಣಗಿದ ಮೇಲೆ ಕಡುಕಂದು ಬಣ್ಣವನ್ನು ತೀರ ತೆಳುವಾಗಿ ಕಲಸಿ ಹರಿಬಿಟ್ಟರೆ ಅದು ಸಂದುಗಳಲ್ಲಿ ನಿಂತು ನೆರಳಿನಂತೆ ಕಾಣುತ್ತದೆ. ಬಳಿಕ ಕುಂಚಕ್ಕೆ ತಿಳಿಬಣ್ಣ ತಾಗಿಸಿ, ಬಹುಪಾಲನ್ನು ಬಟ್ಟೆಯಲ್ಲಿ ಒರೆಸಿ, ಉಳಿದ ಬಣ್ಣವನ್ನು ಅಂಚುಗಳ ಮೇಲೆ ಹಗುರವಾಗಿ ಸವರಬೇಕು. ಈ ಎರಡು ಕ್ರಮಗಳಿಂದಲೇ ಮಾದರಿಗೆ ಮುಕ್ಕಾಲು ಪಾಲು ಜೀವ ಬರುತ್ತದೆ. ಫೈರ್‌ಫ್ಲೈ ಆದರೆ ನಳಿಕೆಯ ಮುಂಭಾಗದ ಕೆಳಮೈಗೆ ಅಲೆಯಂಚಿನ ಬಿಳಿಬಣ್ಣವನ್ನು ಬಳಿಯಬೇಕು. ಇಲ್ಲೊಂದು ವೈಚಿತ್ರ್ಯವಿದೆ. ಶತ್ರುವಿಗೆ ಗುರುತು ಸಿಗದಿರಲೆಂದು ಬಳಿದ ಬಣ್ಣವೇ ಇಂದು ಮೇಜಿನ ಮೇಲೆ ಫೈರ್‌ಫ್ಲೈಯನ್ನು ಗುರುತಿಸುವ ಮುದ್ರೆಯಾಗಿದೆ.

ಕೆಸರಿಗೆ ಪುಟ್ಟಿ, ಸೋಸಿದ ಮಣ್ಣು ಮತ್ತು ಅಂಟಿನ ಮಿಶ್ರಣ ಸಾಕು. ಧೂಳಿಗೆ ಬಣ್ಣದ ಸೀಮೆಸುಣ್ಣದ ಪುಡಿ. ಕೊನೆಗೆ ಹೊಳಪಿಲ್ಲದ ವಾರ್ನಿಶ್ ಹಚ್ಚದಿದ್ದರೆ ಬೆರಳಿನ ಎಣ್ಣೆಯಂಶಕ್ಕೆ ಬಣ್ಣ ಬೇಗ ಸವೆಯುತ್ತದೆ.

ಭಾರತದ ಯುದ್ಧಗಳು ಮೇಜಿನ ಮೇಲೆ

ಶೆರ್ಮನ್‌ನ ಕಥೆ ಯುರೋಪಿನಲ್ಲೇ ಮುಗಿಯುವುದಿಲ್ಲ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ ವಲಯದ ಅಸಲ್ ಉತ್ತರ್‌ನಲ್ಲಿ ನಡೆದ ಟ್ಯಾಂಕ್ ಕಾಳಗದಲ್ಲಿ ಭಾರತದ ಡೆಕ್ಕನ್ ಹಾರ್ಸ್ ರೆಜಿಮೆಂಟ್ ಬಳಸಿದ್ದು ಶೆರ್ಮನ್‌ಗಳನ್ನೇ. 3ನೆಯ ಕ್ಯಾವಲ್ರಿಯ ಬಳಿ ಬ್ರಿಟಿಷ್ ಸೆಂಚುರಿಯನ್‌ಗಳು, 8ನೆಯ ಲೈಟ್ ಕ್ಯಾವಲ್ರಿಯ ಬಳಿ ಫ್ರಾನ್ಸಿನ ಎಎಂಎಕ್ಸ್-13 ಹಗುರ ಟ್ಯಾಂಕುಗಳಿದ್ದವು. ಎದುರಿಗಿದ್ದದ್ದು ಪಾಕಿಸ್ತಾನದ ಆಧುನಿಕ ಪ್ಯಾಟನ್ ಟ್ಯಾಂಕುಗಳು. ಕಾಲುವೆ ಒಡೆದು ನೀರು ಹರಿಸಿದ ಕಬ್ಬಿನ ಗದ್ದೆಗಳಲ್ಲಿ ಪ್ಯಾಟನ್‌ಗಳು ಹೂತುಹೋದವು. ಈ ಕಾಳಗವನ್ನು ಮೇಜಿಗೆ ತರುವವರಿಗೆ ಟ್ಯಾಂಕುಗಳಷ್ಟೇ ಕಬ್ಬಿನ ಗದ್ದೆಯೂ ಮುಖ್ಯ.

ಅಲ್ಲಿನ ಅತ್ಯಂತ ಹೆಸರಾದ ವಾಹನ ಟ್ಯಾಂಕಲ್ಲ, ಜೀಪು. 4ನೆಯ ಗ್ರೆನೇಡಿಯರ್ಸ್‌ನ ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ಹಿನ್ನೆಗೆತರಹಿತ ಫಿರಂಗಿಯಿಂದ ಪ್ಯಾಟನ್‌ಗಳನ್ನು ಧ್ವಂಸಗೊಳಿಸಿ, ಸೆಪ್ಟೆಂಬರ್ 10ರಂದು ಹುತಾತ್ಮರಾದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಸಾಧಾರಣ ಜೀಪ್ ಮಾದರಿಯಿಂದ ಇದನ್ನು ತಯಾರಿಸುವುದು ಒಂದು ಸಂಜೆಯ ಕೆಲಸ. ಮುಂಗಾಜನ್ನು ಮಡಚಿ, ಹಿಂಭಾಗದಲ್ಲಿ ತಂತಿಯ ಮೂರು ಕಾಲುಗಳ ಪೀಠವಿಟ್ಟು, ರೀಫಿಲ್ ಕೊಳವೆಯನ್ನು ಕೂರಿಸಬೇಕು. ಈ ಫಿರಂಗಿಯ ಉದ್ದ 3.4 ಮೀಟರ್, ಜೀಪಿನ ಉದ್ದ ಸುಮಾರು 3.3 ಮೀಟರ್. 1/72ರಲ್ಲಿ ಕ್ರಮವಾಗಿ 47 ಮತ್ತು 46 ಮಿ.ಮೀ. ಆಯುಧವು ವಾಹನದಷ್ಟೇ ಉದ್ದ. ಅದರಲ್ಲಿ ಕುಳಿತವರಿಗೆ ಉಕ್ಕಿನ ಕವಚವೆಂಬುದೇ ಇಲ್ಲ. ಈ ಮಾದರಿಯನ್ನು ಪ್ಯಾಟನ್ ಒಂದರ ಎದುರಿಗೆ ಇಟ್ಟಾಗ ಆ ದಿನದ ಸಾಹಸದ ಅಳತೆ ಕಣ್ಣಿಗೇ ತಿಳಿಯುತ್ತದೆ.

1971ರ ಯುದ್ಧದಲ್ಲಿ ಗುರುತಿನ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಭಾರತದ ಬಳಿ ಸೋವಿಯತ್ ಟಿ-55 ಟ್ಯಾಂಕುಗಳು. ಪಾಕಿಸ್ತಾನದ ಬಳಿ ಚೀನಾದ ಟೈಪ್-59. ಟೈಪ್-59 ಎಂಬುದು ಟಿ-55ರ ಅಣ್ಣನಾದ ಟಿ-54ಎ ಟ್ಯಾಂಕಿನ ಚೀನೀ ಅವತರಣಿಕೆ. ಎರಡಕ್ಕೂ ದುಂಡಗಿನ ತಗ್ಗು ಗೋಪುರ, ಬದಿಗೆ ಐದು ದೊಡ್ಡ ಚಕ್ರಗಳು, ಮೊದಲ ಹಾಗೂ ಎರಡನೆಯ ಚಕ್ರದ ನಡುವೆ ಎದ್ದು ಕಾಣುವ ಅಂತರ. ಧೂಳಿನಲ್ಲಿ ಸ್ವಂತದವರ ಮೇಲೆಯೇ ಗುಂಡು ಹಾರುವ ಅಪಾಯವಿತ್ತು. ಅದಕ್ಕಾಗಿ ಭಾರತೀಯ ಟಿ-55ಗಳ ನಳಿಕೆಯ ನಡುಭಾಗಕ್ಕೆ ಹೊಗೆ ಹೀರುವ ಉಬ್ಬಿನಂತೆ ಕಾಣುವ ಹುಸಿ ಕವಚವನ್ನು ತೊಡಿಸಲಾಯಿತು. ಅದರಿಂದ ಬೇರೆ ಪ್ರಯೋಜನವಿರಲಿಲ್ಲ. ‘ಇದು ನಮ್ಮದು’ ಎಂದು ಸಾರುವುದೇ ಅದರ ಕೆಲಸ.

ಮಾದರಿಗಾರನಿಗೆ ಇದು ಅತ್ಯಂತ ಸುಲಭದ ರೂಪಾಂತರ. ಟಿ-55 ಪೊಟ್ಟಣದ ನಳಿಕೆಯ ನಡುವೆ ಅಂಟು ಸವರಿದ ಕಾಗದದ ಪಟ್ಟಿಯನ್ನು ನಾಲ್ಕಾರು ಸುತ್ತು ಸುತ್ತಿದರೆ ಆಯಿತು. ಎದುರು ಪಾಳೆಯದ ಟೈಪ್-59 ಬೇಕಾದರೆ ಅದೇ ಪೊಟ್ಟಣದ ಗೋಪುರದ ಮೇಲೆ ಗುಂಡುಸೂಜಿಯ ತಲೆಯಿಂದ ಗಾಳಿಕಿಂಡಿಯ ಗುಮ್ಮಟವನ್ನು ಸೇರಿಸಬೇಕು. ಟಿ-54 ವಂಶದಲ್ಲಿದ್ದ ಈ ಗುಮ್ಮಟ ಟಿ-55ರಲ್ಲಿ ಇಲ್ಲ. ನಾರ್ಮಂಡಿಯಲ್ಲಿ ನಳಿಕೆಯ ಗುರುತನ್ನು ಅಳಿಸಲು ಬಣ್ಣ, ಪಂಜಾಬ್–ಜಮ್ಮು ಗಡಿಯಲ್ಲಿ ಗುರುತನ್ನು ಸಾರಲು ಕವಚ. ಎರಡೂ ಕಡೆ ಜೀವವುಳಿಸಿಕೊಳ್ಳುವ ಉಪಾಯ ಒಂದೇ ಜಾಗದಲ್ಲಿತ್ತು.

ಅದೇ ಯುದ್ಧದ ಬಸಂತರ್ ಕಾಳಗದಲ್ಲಿ 1971ರ ಡಿಸೆಂಬರ್ 16ರಂದು ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ‘ಫಾಮಗುಸ್ತಾ’ ಎಂಬ ಹೆಸರಿನ ಸೆಂಚುರಿಯನ್‌ನಲ್ಲಿ ಹೋರಾಡಿ 21ರ ಹರೆಯದಲ್ಲಿ ಹುತಾತ್ಮರಾದರು. ಅವರಿಗೂ ಪರಮವೀರ ಚಕ್ರ ಮರಣೋತ್ತರವಾಗಿ ಸಂದಿತು. ಸೆಂಚುರಿಯನ್ ಪೊಟ್ಟಣವೊಂದನ್ನು ಫಾಮಗುಸ್ತಾ ಆಗಿ ಬದಲಿಸಲು ಕೊಯ್ಯುವ ಕೆಲಸಕ್ಕಿಂತ ಹಳೆಯ ಛಾಯಾಚಿತ್ರಗಳನ್ನು ನೋಡುವ ಕೆಲಸ ಹೆಚ್ಚು.

ಆಧಾರ ಎಲ್ಲಿ?

ರೂಪಾಂತರದಲ್ಲಿ ಅರ್ಧ ಸಮಯ ಮಾಹಿತಿ ಸಂಗ್ರಹಕ್ಕೇ ಸಲ್ಲುತ್ತದೆ. ಯುದ್ಧಕಾಲದ ಛಾಯಾಚಿತ್ರ ಮೊದಲ ಆಧಾರ; ವಸ್ತುಸಂಗ್ರಹಾಲಯದ ಟ್ಯಾಂಕು ಎರಡನೆಯದು. ಪ್ರದರ್ಶನಕ್ಕಿಟ್ಟ ಟ್ಯಾಂಕುಗಳಿಗೆ ಕಾಲಾನಂತರದಲ್ಲಿ ಬಣ್ಣ, ಬಿಡಿಭಾಗಗಳು ಬದಲಾಗಿರುವ ಸಾಧ್ಯತೆಯಿರುವುದರಿಂದ ಎರಡನ್ನೂ ತಾಳೆ ನೋಡಬೇಕು. ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) 1994ರಲ್ಲಿ ಆರಂಭವಾದ ಕ್ಯಾವಲ್ರಿ ಟ್ಯಾಂಕ್ ವಸ್ತುಸಂಗ್ರಹಾಲಯ ದೇಶದ ಹವ್ಯಾಸಿಗರಿಗೆ ದೊಡ್ಡ ಆಕರ. ಕರ್ನಾಟಕದವರಿಗೆ ಇನ್ನೂ ಹತ್ತಿರದ್ದು ಮಡಿಕೇರಿ. ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಅದರ ಆವರಣದಲ್ಲಿ ಟಿ-55 ಟ್ಯಾಂಕು ನಿಂತಿದೆ. ಚಕ್ರಗಳ ನಡುವಿನ ಅಂತರವನ್ನೂ ಗೋಪುರದ ವಕ್ರವನ್ನೂ ಕಣ್ಣಾರೆ ಕಂಡವರಿಗೆ ಮಾದರಿಯಲ್ಲಿ ಅವನ್ನು ಮೂಡಿಸುವುದು ಸುಲಭ.

ಮೂರು ಆಯಾಮದ ಮುದ್ರಣ ಯಂತ್ರಗಳು ಮನೆಗೆ ಬಂದ ಮೇಲೆ ಅಪರೂಪದ ವಾಹನಗಳನ್ನೂ ಗೋಪುರ, ನಳಿಕೆಗಳನ್ನೂ ನೇರವಾಗಿ ಮುದ್ರಿಸಿಕೊಳ್ಳುವವರಿದ್ದಾರೆ. ಶ್ರಮ ಕಡಿಮೆಯಾಗಿದೆ, ಆಧಾರದ ಅಗತ್ಯ ಕಡಿಮೆಯಾಗಿಲ್ಲ. ತಪ್ಪು ಅಳತೆಯಿಂದ ಮುದ್ರಿಸಿದ ಟ್ಯಾಂಕು ತಪ್ಪಾಗಿಯೇ ಬರುತ್ತದೆ.

ಎಚ್ಚರಿಕೆಯ ಕ್ರಮಗಳು

* ಚೂರಿಯನ್ನು ಸದಾ ಬೆರಳಿನಿಂದ ದೂರದ ದಿಕ್ಕಿಗೆ ಎಳೆಯಬೇಕು. ಮೊಂಡಾದ ಅಲಗು ಹರಿತವಾದುದಕ್ಕಿಂತ ಅಪಾಯಕಾರಿ.
* ರಾಳದ ಭಾಗಗಳನ್ನು ಒಣದಾಗಿ ಉಜ್ಜಬಾರದು; ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ನೀರಿನಲ್ಲಿ ನೆನೆಸಿ ಉಜ್ಜಬೇಕು, ಮುಖಗವಸು ಧರಿಸಬೇಕು.
* ದ್ರಾವಕ ಅಂಟು ಮತ್ತು ಸ್ಪ್ರೇ ಬಣ್ಣಗಳನ್ನು ಕಿಟಕಿ ತೆರೆದ ಕೋಣೆಯಲ್ಲಿ, ಬೆಂಕಿಯಿಂದ ದೂರದಲ್ಲಿ ಬಳಸಬೇಕು.
* ಮಕ್ಕಳು ಕೆಲಸ ಮಾಡುವಾಗ ಹಿರಿಯರು ಜೊತೆಗಿರಬೇಕು.

ಆರಂಭಿಸುವವರಿಗೆ

ಮೊದಲ ಪ್ರಯತ್ನಕ್ಕೆ ಒಡಲು ಕೊಯ್ಯುವ ಸಾಹಸ ಬೇಡ. ನಳಿಕೆ ಬದಲಿಸುವುದು, ಟಾರ್ಪಾಲು ಸೇರಿಸುವುದು, ನಳಿಕೆಗೆ ಕಾಗದದ ಪಟ್ಟಿ ಸುತ್ತುವುದು ಇಂತಹ ಒಂದೇ ಒಂದು ಬದಲಾವಣೆಯಿಂದ ಆರಂಭಿಸುವುದು ಒಳಿತು. ಮಾಡಿದ ಬದಲಾವಣೆ ಯಾವ ಸೇನೆಯಲ್ಲಿ, ಯಾವ ವರ್ಷ, ಯಾವ ಕಾರಣಕ್ಕೆ ಆಯಿತು ಎಂಬುದನ್ನು ಮಾದರಿಯ ಅಡಿಯಲ್ಲಿ ಬರೆದಿಡುವ ಅಭ್ಯಾಸ ಕೆಲವರಿಗಿದೆ. ಆಟ ಮುಗಿದು ಟ್ಯಾಂಕುಗಳು ಡಬ್ಬಿ ಸೇರಿದ ಮೇಲೂ ಆ ಎರಡು ಸಾಲು ಉಳಿಯುತ್ತದೆ. ಗೋಪುರದ ಮೇಲೆ ಅಂಟಿಸಿದ ಪುಟ್ಟ ಪ್ಲಾಸ್ಟಿಕ್ ತುಂಡು, ಉರಿಯುವ ಟ್ಯಾಂಕಿನಿಂದ ಗುಂಡು ತುಂಬುವ ಸಿಪಾಯಿ ಹೊರಬರಲೆಂದು ಕೊಯ್ದ ಬಾಗಿಲು ಎಂಬುದು ಮುಂದೆ ಅದನ್ನು ಕೈಗೆತ್ತಿಕೊಳ್ಳುವವರಿಗೂ ತಿಳಿಯುತ್ತದೆ.